ಡಾಕ್ಟರು ಹೇಳದ ಮಾತು

ಬಂಟ್ವಾಳದ ಟಾಕೀಸಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ನಾನು ಹಿಂದಿ ಸಿನಿಮಾದ ಕೊನೆಯ ಮಾತನ್ನು ತುಳುವಿನಲ್ಲಿ ಬೇಕೆಂದೇ ತಪ್ಪಾಗಿ ಹೇಳಿದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಅರವತ್ತರ ದಶಕ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಊರಿನ ಹೈಯರ್ ಎಲಿಮೆಂಟರಿ ಶಾಲೆಯಲ್ಲಿ ನಾನು ಹಿಂದಿ ಟೀಚರ್. ಆ ತಪ್ಪಿಗಾಗಿ ಕೆಲವರು ನನ್ನನ್ನು ಬೈದರು, ಕೆಲವರು ನಕ್ಕರು, ಒಬ್ಬರು ಎಲ್ಲರೆದುರು ಕ್ಷಮೆ ಕೇಳಬೇಕೆಂದರು. ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಅಷ್ಟೆ.

ನಾನು ಹಿಂದಿ ಕಲಿತದ್ದು ಮೂಡಬಿದ್ರೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಬಸದಿಯ ಬೀದಿಯ ಒಂದು ಉಪ್ಪರಿಗೆಯಲ್ಲಿ ವಯಸ್ಸಾದ ಪಂಡಿತರೊಬ್ಬರು ಸಂಜೆ ಹೊತ್ತು ಹಿಂದಿ ಪಾಠ ಹೇಳುತ್ತಿದ್ದರು. ಗಂಡುಹುಡುಗರ ನಡುವೆ ಹುಡುಗಿ ನಾನೊಬ್ಬಳೇ. "ಹಿಂದಿ ಕಲಿತು ಎಂತ ಮಾಡ್ತಿ? ದಿಲ್ಲಿಗೆ ಹೋಗ್ಲಿಕ್ಕುಂಟಾ ನಿನಗೆ?" ಎಂದು ಅತ್ತೆ ದಿನಾ ಕೇಳುತ್ತಿದ್ದರು. ಮೂರು ಪರೀಕ್ಷೆ ಪಾಸು ಮಾಡಿದೆ. ಶಾಲೆಗಳಿಗೆಲ್ಲ ಹಿಂದಿ ಬಂದಾಗ ನನಗೆ ಕೆಲಸ ಸಿಕ್ಕಿತು. ದಿಲ್ಲಿಗೆ ಹೋಗಲಿಲ್ಲ, ಆದರೆ ಭಾನುವಾರ ಭಾನುವಾರ ಟಾಕೀಸಿಗೆ ಹೋದೆ.

ಟಾಕೀಸು ಇದ್ದದ್ದು ನದಿಯ ಬದಿಯ ಪೇಟೆಯಲ್ಲಿ. ತಗಡು ಹೊದಿಸಿದ ಮಾಡು. ಮಧ್ಯಾಹ್ನದ ಆಟಕ್ಕೆ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದರು. ಆದರೂ ಮೊಳೆಯ ತೂತುಗಳಿಂದ ಬಿಸಿಲು ಒಳಗೆ ಬಂದು ನಾಯಕಿಯ ಮುಖದ ಮೇಲೆ ಬೀಳುತ್ತಿತ್ತು. ಹೆಂಗಸರಿಗೂ ಗಂಡಸರಿಗೂ ನಡುವೆ ಸೊಂಟದೆತ್ತರದ ಹಲಗೆ. ನಮ್ಮ ಕಡೆಯ ಬೆಂಚುಗಳಿಗೆ ಒರಗಲು ಏನೂ ಇರಲಿಲ್ಲ. ಬರುತ್ತಿದ್ದವರು ಬೀಡಿ ಕಟ್ಟುವ ಹೆಂಗಸರು, ಪೇಟೆಯ ಅಂಗಡಿಗಳವರ ಮನೆಯವರು, ನನ್ನಂಥ ಒಬ್ಬಿಬ್ಬರು ಟೀಚರುಗಳು. ಹಿಂದಿ ಯಾರಿಗೂ ಬಾರದು. ಮೊದಲ ಸಲ ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಬೀಡಿಯಕ್ಕ ನನ್ನ ಪಕ್ಕೆಗೆ ತಿವಿದು "ಆಯೆ ದಾದ ಪಂಡೆ?" ಎಂದು ಕೇಳಿದಳು. ಅವನು ಏನು ಹೇಳಿದ ಎಂದು. ನಾನು ಕಿವಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನವರು "ನಮಗೂ ಹೇಳಿ ಟೀಚರ್" ಎಂದರು. ಒಂದು ತಿಂಗಳಲ್ಲಿ ನಾನು ಗಟ್ಟಿಯಾಗಿಯೇ ತುಳುವಿನಲ್ಲಿ ಹೇಳುತ್ತ ಹೋಗುವುದು ರೂಢಿಯಾಯಿತು. ಮೊದಮೊದಲು ಹಲಗೆಯ ಆಚೆಯಿಂದ "ಶ್" ಎನ್ನುತ್ತಿದ್ದ ಗಂಡಸರೂ ಸುಮ್ಮನಾದರು. ಅವರಿಗೂ ಹಿಂದಿ ಬರುತ್ತಿರಲಿಲ್ಲವಲ್ಲ.

ಆಟ ಬಿಟ್ಟ ಮೇಲೆ ನದಿಗಿಳಿಯುವ ಮೆಟ್ಟಿಲ ಮೇಲೆ ನಾಲ್ಕೈದು ಜನ ಕೂರುತ್ತಿದ್ದೆವು. ಅಲ್ಲಿ ಸಿನಿಮಾದ ನಿಜವಾದ ವಿಚಾರಣೆ. ನಮ್ಮಲ್ಲಿ ಹಿರಿಯಳಾದ ಬೀಡಿಯಕ್ಕನಿಗೆ ಪ್ರತಿಯೊಂದರ ಮೇಲೂ ಅಭಿಪ್ರಾಯವಿತ್ತು. ನಾಯಕ ಹಿಂದೆ ತಿರುಗಿ ಹಾಡುತ್ತ ಕಾರು ಬಿಟ್ಟರೆ, "ಎದುರಿನಿಂದ ಲಾರಿ ಬಂದ್ರೆ ಎಂತ ಮಾಡ್ತಾನೆ ಅವ?" ಎನ್ನುವಳು. ಪುರಾಣದ ಸಿನಿಮಾ ನೋಡಿ, "ದೇವರು ಕೊನೆಯ ರೀಲಿಗೇ ಯಾಕೆ ಬರ್ಬೇಕು? ಮೊದಲೇ ಬಂದಿದ್ರೆ ಆ ಹುಡುಗಿ ಇಷ್ಟು ಅಳ್ಲಿಕ್ಕಿತ್ತಾ?" ಎಂದು ಕೇಳಿದ್ದಳು. ಆ ವರ್ಷ ಒಂದರ ಹಿಂದೆ ಒಂದು ಸಸ್ಪೆನ್ಸ್ ಪಿಕ್ಚರುಗಳು ಬಂದವು. ಮಂಜು ಮುಸುಕಿದ ಬಂಗಲೆ, ತಾನಾಗಿ ತೆರೆಯುವ ಬಾಗಿಲು, ಕೊನೆಗೆ ಕೊಲೆಗಾರ ಯಾರು ಎಂಬ ಪ್ರಶ್ನೆ. ಬೀಡಿಯಕ್ಕ ಅರ್ಧದಲ್ಲೇ ಹೇಳಿಬಿಡುತ್ತಿದ್ದಳು: "ಯಾರು ಎಲ್ಲರಿಗಿಂತ ಒಳ್ಳೆಯವನ ಹಾಗೆ ಮಾಡ್ತಾನೋ ನೋಡಿ, ಅವನೇ." ಹೆಚ್ಚಾಗಿ ಅವನೇ ಆಗಿರುತ್ತಿದ್ದ.

ಗಂಡಸರ ಅಭಿಪ್ರಾಯ ನಡೆಯುತ್ತಿದ್ದದ್ದು ಟಾಕೀಸಿನ ಎದುರಿನ ಚಹಾದ ಹೋಟೆಲಿನಲ್ಲಿ. ಅದರ ಮಾಲೀಕರಾದ ಧನಿಗಳು ಬೊಂಬಾಯಿಯಲ್ಲಿ ಬಹಳ ವರ್ಷ ಹೋಟೆಲು ಕೆಲಸ ಮಾಡಿ ಬಂದವರು. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಯಾರಾದರೂ ಒಂದು ಪಿಕ್ಚರ್ ಚೆನ್ನಾಗಿಲ್ಲ ಎಂದರೆ, "ಬೊಂಬಾಯಿಯಲ್ಲಿ ಎಷ್ಟು ವಾರ ಓಡಿದೆ ಗೊತ್ತುಂಟಾ ನಿನಗೆ?" ಎನ್ನುತ್ತಿದ್ದರು. ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು. ಊರಿನಲ್ಲಿ ಹಿಂದಿ ಬಲ್ಲವರು ಇನ್ನೊಬ್ಬರಿರುವುದು, ಅದೂ ಸೀರೆ ಉಟ್ಟವಳಾಗಿರುವುದು ಅವರಿಗೆ ಸರಿಬರುತ್ತಿರಲಿಲ್ಲ.

ಇನ್ನು ಅಕ್ಕನ ವಿಷಯ ಹೇಳಬೇಕು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ಮಡಂತ್ಯಾರಿಗೆ ಮದುವೆ ಮಾಡಿ ಕೊಟ್ಟಿದ್ದರು. ಹೆಣ್ಣುಮಗು ಹುಟ್ಟಿ ಎರಡು ವಾರವಾಗುವಾಗ ಅವಳ ನಿದ್ದೆ ಹೋಯಿತು. ಮಗುವನ್ನು ಎತ್ತಿಕೊಳ್ಳಲು ಒಪ್ಪಲಿಲ್ಲ. ಇದು ನನ್ನದಲ್ಲ, ನನ್ನದು ಎಲ್ಲೋ ಅಳುತ್ತಾ ಉಂಟು, ಕೇಳಿಸುವುದಿಲ್ಲವಾ ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಗಂಡನ ಮನೆಯವರು ಹೆದರಿ ಅವಳೊಬ್ಬಳನ್ನೇ ನಮ್ಮಲ್ಲಿಗೆ ಕಳಿಸಿದರು. ಮಂತ್ರಿಸಿದ ನೂಲು ಕಟ್ಟಿಸಿದ್ದಾಯಿತು, ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದಾಯಿತು. ಆಸ್ಪತ್ರೆಯ ಮದ್ದು ತೆಗೆದುಕೊಂಡು ಒಂದು ವರ್ಷದೊಳಗೆ ಅವಳು ಮೊದಲಿನ ಹಾಗಾದಳು. ಆದರೆ ಮಗು ಅಲ್ಲೇ ಉಳಿಯಿತು. ಬಾವ ಎರಡು ಸಲ ಬಂದರು, ಆಮೇಲೆ ಬರಲಿಲ್ಲ. ಮಗು ಚೆನ್ನಾಗಿದೆ, ಅವಳು ಈ ಕಡೆ ಬರುವುದು ಬೇಡ ಎಂದು ಹೇಳಿಕಳಿಸಿದರು. ಹೀಗೆ ನಾಲ್ಕು ವರ್ಷ. ಅಕ್ಕ ನೆರೆಯವರಿಗೆ ರವಕೆ ಹೊಲಿದುಕೊಂಡು ಮನೆಯಲ್ಲೇ ಇದ್ದಳು. ಮಗುವಿನ ಮಾತನ್ನು ಎತ್ತುತ್ತಿರಲಿಲ್ಲ. ನಾವೂ ಎತ್ತುತ್ತಿರಲಿಲ್ಲ. ಮಾತಾಡದಿದ್ದರೆ ಒಳ್ಳೆಯದು ಎಂದು ಅಮ್ಮ ನಂಬಿದ್ದಳು.

ಆ ಭಾನುವಾರ ನಾನು ಅಕ್ಕನನ್ನು ಹಟ ಮಾಡಿ ಟಾಕೀಸಿಗೆ ಹೊರಡಿಸಿದೆ. ಹೊಸ ಸಸ್ಪೆನ್ಸ್ ಪಿಕ್ಚರ್ ಬಂದಿತ್ತು, ಅಕ್ಕನಿಗೆ ಚಿಕ್ಕಂದಿನಿಂದ ಒಗಟು ಬಿಡಿಸುವುದೆಂದರೆ ಪ್ರೀತಿ.

"ಬೇಡ, ಜನ ನೋಡ್ತಾರೆ" ಎಂದಳು ಅಮ್ಮ.

"ಟಿಕೇಟು ತೆಗೊಂಡು ಸಿನಿಮಾ ನೋಡ್ಲಿಕ್ಕೆ ಬಂದವರು ನಮ್ಮನ್ನು ಯಾಕೆ ನೋಡ್ತಾರೆ?" ಎಂದೆ ನಾನು.

ಸಿನಿಮಾದ ಹೆಸರು ಹೇಳುವುದಿಲ್ಲ. ಅದಕ್ಕೆ ಆ ಮರ್ಯಾದೆ ಬೇಡ. ಗುಡ್ಡದ ಮೇಲೆ ಒಬ್ಬ ಸಾಹುಕಾರನ ಮನೆ. ತೊಟ್ಟಿಲಲ್ಲಿ ಮಲಗಿಸಿದ ಕೂಸು ಬೆಳಗಾಗುವಾಗ ತೋಟದಲ್ಲಿ ಸಿಗುತ್ತದೆ. ಒಂದು ದಿನ ಆಯಾ ಮೆಟ್ಟಿಲಿನಿಂದ ಬಿದ್ದು ಸಾಯುತ್ತಾಳೆ. ಸಾಹುಕಾರನ ತಮ್ಮನ ಮೇಲೆ ಅನುಮಾನ, ಆಮೇಲೆ ಡ್ರೈವರನ ಮೇಲೆ. ಕೂಸಿನ ತಾಯಿ ಮಾತ್ರ ಎಲ್ಲರಿಗೂ ಚಹಾ ಕೊಡುತ್ತ, ಹೂವು ಜೋಡಿಸುತ್ತ ಮೆಲ್ಲಗೆ ಓಡಾಡಿಕೊಂಡಿರುತ್ತಾಳೆ. ಬೀಡಿಯಕ್ಕ ಮಧ್ಯಂತರದಲ್ಲೇ "ಆ ತಾಯಿಯೇ" ಎಂದಳು. ಎದ್ದು ಹೋಗೋಣವೆಂದು ಅಕ್ಕನ ಕೈ ಹಿಡಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ "ಕೂತುಕೋ" ಎಂದಳು.

ಬೀಡಿಯಕ್ಕ ಹೇಳಿದ್ದು ನಿಜವಾಯಿತು. ಕೊನೆಯ ರೀಲಿನಲ್ಲಿ ಆ ತಾಯಿ ಕೂದಲು ಬಿಚ್ಚಿಕೊಂಡು, ಕಣ್ಣು ದೊಡ್ಡದು ಮಾಡಿ, ಮೆಟ್ಟಿಲ ಮೇಲೆ ನಿಂತು ನಕ್ಕಳು. ನಕ್ಕಳು ಎಂದರೆ ತಗಡಿನ ಮಾಡು ಅದುರುವ ಹಾಗೆ. ಗಂಡಸರ ಕಡೆ ಶಿಳ್ಳೆ ಬಿತ್ತು. ನಮ್ಮ ಹಿಂದಿನಿಂದ ಯಾರೋ "ಹುಚ್ಚಿ!" ಎಂದು ಕೂಗಿದರು. ಕತೆ ಕಟ್ಟಿದವರು ಅಂಥ ಕಾಯಿಲೆಯವರನ್ನು ಒಮ್ಮೆಯೂ ಹತ್ತಿರದಿಂದ ನೋಡಿಲ್ಲ ಎಂದು ನನಗೆ ಆಗಲೇ ಖಾತ್ರಿಯಾಯಿತು. ನನ್ನ ಅಕ್ಕ ಆ ಒಂದು ವರ್ಷ ನಗಲೇ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು, ನನ್ನಿಂದ ನಿಮಗೆಲ್ಲ ತೊಂದರೆ ಎಂದು ಹತ್ತು ಸಲ ಹೇಳುತ್ತಿದ್ದಳು. ಒಂದು ಇರುವೆಗೂ ನೋವು ಮಾಡಿದವಳಲ್ಲ.

ನಗು ಮುಗಿದ ಮೇಲೆ ಕನ್ನಡಕದ ಡಾಕ್ಟರೊಬ್ಬ ಮುಂದೆ ಬಂದು ಭಾಷಣ ಶುರುಮಾಡಿದ. ಇಂಥ ಹೆಣ್ಣಿನ ರಕ್ತದಲ್ಲೇ ವಿಷ ಇರುತ್ತದೆ, ಇದಕ್ಕೆ ಮದ್ದಿಲ್ಲ, ಇವಳ ಕೈಗೆ ಮಗುವನ್ನು ಎಂದಿಗೂ ಕೊಡಬಾರದು, ತಾಯಿ ಸತ್ತಳೆಂದೇ ಮಗುವಿಗೆ ಹೇಳಿ ಎಂದ. ಅದನ್ನು ಅವನು ಬಹಳ ಶಾಂತನಾಗಿ, ಒಳ್ಳೆಯವನ ಮುಖ ಮಾಡಿಕೊಂಡು ಹೇಳಿದ.

"ಆಯೆ ದಾದ ಪಂಡೆ?" ಎಂದು ಮೂರು ಬೆಂಚಿನವರು ಒಟ್ಟಿಗೆ ಕೇಳಿದರು.

ಅಕ್ಕ ನನ್ನ ಎಡಕ್ಕಿದ್ದಳು. ನಾನು ಹೆಚ್ಚು ಯೋಚಿಸಲಿಲ್ಲ. "ಇದು ಒಂದು ಕಾಯಿಲೆ ಅಂತೆ" ಎಂದೆ. "ಹೆರಿಗೆ ಆದ ಮೇಲೆ ಕೆಲವರಿಗೆ ಬರ್ತದಂತೆ. ಮದ್ದು ಮಾಡಿದ್ರೆ ಗುಣ ಆಗ್ತದಂತೆ. ಗುಣ ಆದ ಮೇಲೆ ಅವಳ ಮಗುವನ್ನು ಅವಳಿಗೇ ಕೊಡ್ಬೇಕು, ಇಲ್ಲದಿದ್ರೆ ಅದು ದೊಡ್ಡ ಪಾಪ ಅಂತ ಹೇಳ್ತಾ ಇದ್ದಾರೆ."

ನನ್ನ ದನಿ ಅವತ್ತು ಯಾವತ್ತಿಗಿಂತ ಗಟ್ಟಿಯಾಗಿತ್ತು. ಹಲಗೆಯ ಆಚೆಗೂ ಕೇಳಿತು. ಪರದೆಯ ಮೇಲೆ ಆ ತಾಯಿಯನ್ನು ಎತ್ತರದ ಗೋಡೆಯೊಳಗೆ ಹಾಕಿ ಗೇಟು ಮುಚ್ಚಿದಲ್ಲಿಗೆ ಸಿನಿಮಾ ಮುಗಿಯಿತು.

ಮೆಟ್ಟಿಲ ಮೇಲೆ ಕೂತಾಗ ಬೀಡಿಯಕ್ಕನಿಗೆ ಸಮಾಧಾನವಿರಲಿಲ್ಲ. "ಡಾಕ್ಟರು ಅಷ್ಟು ಒಳ್ಳೆಯ ಮಾತು ಹೇಳಿದ್ರಲ್ಲ, ಮತ್ತೆ ಅವಳನ್ನು ಒಳಗೆ ಹಾಕಿ ಗೇಟು ಯಾಕೆ ಹಾಕಿದ್ದು?"

"ಅದು ಆಸ್ಪತ್ರೆಯ ಗೇಟು. ಗುಣ ಆದ ಮೇಲೆ ತೆಗೀತಾರೆ."

"ತೆಗೆದದ್ದು ತೋರಿಸ್ಲಿಲ್ಲ."

"ರೀಲು ಮುಗಿದಿರ್ಬೇಕು" ಎಂದೆ.

ಬೀಡಿಯಕ್ಕ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದ ಅಕ್ಕ, "ಮಡಂತ್ಯಾರಿಗೆ ಬೆಳಿಗ್ಗೆ ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದಳು.

"ಯಾಕೆ?" ಎಂದಳು ಅಮ್ಮ.

"ಮಗುವನ್ನು ನೋಡಿ ಬರ್ತೇನೆ. ಗುಣ ಆದ ಮೇಲೆ ಕೊಡ್ಬೇಕು ಅಂತ ಡಾಕ್ಟರೇ ಹೇಳಿದ್ದಾರಲ್ಲ."

ಅಮ್ಮ ನನ್ನ ಮುಖ ನೋಡಿದಳು. ಸಿನಿಮಾದ ಡಾಕ್ಟರಾದರೂ ಡಾಕ್ಟರು ಡಾಕ್ಟರೇ ಎಂದು ಅಮ್ಮನ ಲೆಕ್ಕ. ಅವಳಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ನಾನು ಹೇಳಿದ ಸುಳ್ಳು ಒಂದು ರಾತ್ರಿಯೊಳಗೆ ನಮ್ಮ ಅಡುಗೆಮನೆಗೆ ಬಂದು ಬಸ್ಸಿನ ಸಮಯ ಕೇಳುತ್ತಿತ್ತು. "ಬರುವ ಭಾನುವಾರ ಹೋಗುವ, ನಾನೂ ಬರ್ತೇನೆ" ಎಂದೆ.

ಗುರುವಾರ ಸಂಜೆ ನಾವಿಬ್ಬರೂ ನೂಲಿನ ಉಂಡೆಯನ್ನೂ ಮಗುವಿಗೆ ಬಿಸ್ಕಿಟನ್ನೂ ತರಲು ಪೇಟೆಗೆ ಹೋದೆವು. ಹೋಟೆಲಿನ ಎದುರು ಬಂದಾಗ ಧನಿಗಳು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕರೆದರು.

"ಟೀಚರ್, ಸ್ವಲ್ಪ ನಿಲ್ಲಿ. ಮೊನ್ನೆ ಆ ಡಾಕ್ಟರು ಹೇಳಿದ್ದು ಎಂತ, ನೀವು ಹೇಳಿದ್ದು ಎಂತ? ನಾನು ಆಚೆ ಕಡೆಯೇ ಇದ್ದೆ."

ಬೆಂಚುಗಳ ಮೇಲಿದ್ದವರೆಲ್ಲ ಲೋಟ ಕೆಳಗಿಟ್ಟರು. ಧನಿಗಳು ಡಾಕ್ಟರನ ಮಾತನ್ನು ಮೊದಲು ಹಿಂದಿಯಲ್ಲಿ, ಆಮೇಲೆ ತುಳುವಿನಲ್ಲಿ ಒಂದೊಂದಾಗಿ ಹೇಳಿದರು. ರಕ್ತದಲ್ಲಿ ವಿಷ ಎಂದದ್ದು, ತಾಯಿ ಸತ್ತಳೆಂದು ಹೇಳಿ ಎಂದದ್ದು, ಒಂದನ್ನೂ ಬಿಡಲಿಲ್ಲ. ಅವರಿಗೆ ಅಕ್ಕನ ವಿಷಯ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು.

"ನಾನು ಹೇಳಿದ್ದು ಸರಿಯಾ ತಪ್ಪಾ?" ಎಂದು ಕೇಳಿದರು.

"ಸರಿ. ಅವ ಹಾಗೆಯೇ ಹೇಳಿದ್ದು."

"ಮತ್ತೆ ನೀವು ಸುಳ್ಳು ಹೇಳಿದ್ದು ಯಾಕೆ?"

"ಸುಳ್ಳು ಹೇಳಿದ್ದು ಅವ. ನಾನು ತಿದ್ದಿದೆ. ಮಕ್ಕಳು ತಪ್ಪು ಬರೆದ್ರೆ ಕೆಂಪು ಶಾಯಿಯಲ್ಲಿ ತಿದ್ದುವುದೇ ನನ್ನ ಕೆಲಸ."

ಯಾರೋ ನಕ್ಕರು. ಧನಿಗಳ ಮುಖ ಕೆಂಪಾಯಿತು. "ಬೊಂಬಾಯಿಯಲ್ಲಿ ಆ ಪಿಕ್ಚರ್ ಎಷ್ಟು ವಾರ…"

"ಎಷ್ಟು ವಾರ ಓಡಿದ್ರೂ ತಪ್ಪು ತಪ್ಪೇ. ನನ್ನ ಅಕ್ಕನಿಗೆ ಅದೇ ಕಾಯಿಲೆ ಬಂದಿತ್ತು. ಮದ್ದು ಮಾಡಿಸಿದೆವು, ಗುಣ ಆಯಿತು. ಇಗೊಳ್ಳಿ, ನಿಮ್ಮೆದುರು ನಿಂತಿದ್ದಾಳೆ. ಇವಳ ರಕ್ತದಲ್ಲಿ ಎಂತ ವಿಷ ಉಂಟು, ನೋಡಿ ಹೇಳಿ."

ನಾಲ್ಕು ವರ್ಷ ನಮ್ಮ ಮನೆಯೊಳಗೇ ನಾವು ಆಡದೆ ಇಟ್ಟುಕೊಂಡಿದ್ದ ಮಾತು ಅದು. ಅದನ್ನು ನಾನು ಪೇಟೆಯ ನಡುವೆ ಬೊಬ್ಬೆ ಹಾಕಿ ಹೇಳಿಬಿಟ್ಟೆ. "ಎಲ್ಲರೆದುರು ಹೇಳಿದ ಸುಳ್ಳಿಗೆ ಎಲ್ಲರೆದುರು ಕ್ಷಮೆ ಕೇಳ್ಬೇಕು" ಎಂದು ಧನಿಗಳು ಸಣ್ಣ ದನಿಯಲ್ಲಿ ಹೇಳಿದರು. ನಾನು ಅಕ್ಕನ ಕೈ ಹಿಡಿದು ನಡೆದೆ.

ಮನೆಯ ಹತ್ತಿರ ಬಂದಾಗ ನಾನೇ ನಿಂತೆ. "ಅಕ್ಕ, ನಿನಗೆ ಸುಳ್ಳು ಹೇಳಿದೆ…"

"ನನಗೆ ಅವತ್ತೇ ಗೊತ್ತಿತ್ತು."

"ಹೇಗೆ? ನಿನಗೆ ಹಿಂದಿ ಬರ್ತದಾ?"

"ಹಿಂದಿ ಬರ್ಬೇಕು ಅಂತ ಇಲ್ಲ. ಆ ಮುಖ ನನಗೆ ಗೊತ್ತುಂಟು. ನನ್ನೆದುರೇ ನಿಂತು, ನಾನಿಲ್ಲ ಅನ್ನುವ ಹಾಗೆ ಅಮ್ಮನ ಹತ್ತಿರ ಮಾತಾಡಿದವರೆಲ್ಲ ಹಾಗೆಯೇ ಮುಖ ಮಾಡ್ತಿದ್ದದ್ದು."

"ಮತ್ತೆ ಮಡಂತ್ಯಾರಿಗೆ?"

"ಹೋಗುವ. ಡಾಕ್ಟರು ಹೇಳಿದ್ದು ಅಂದ್ರೆ ಅಮ್ಮ ಬೇಡ ಹೇಳ್ಲಿಕ್ಕಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಹಾಗೆ ಹೇಳಿದ್ದು."

ಅವಳನ್ನು ಕಾಪಾಡುತ್ತಿದ್ದೇನೆ ಎಂದು ನಾನು ಬೀಗುತ್ತಿದ್ದೆ. ಅವಳು ನನಗಿಂತ ಎರಡು ಹೆಜ್ಜೆ ಮುಂದಿದ್ದಳು.

ಶುಕ್ರವಾರ ಹೆಡ್ಮಾಸ್ತರರು ನನ್ನನ್ನು ಕೋಣೆಗೆ ಕರೆದರು. ಟೀಚರೊಬ್ಬಳು ಟಾಕೀಸಿನಲ್ಲಿ ಗಟ್ಟಿಯಾಗಿ ಮಾತಾಡುವುದು, ಹೋಟೆಲಿನ ಎದುರು ಜಗಳಕ್ಕೆ ನಿಲ್ಲುವುದು ಶಾಲೆಗೆ ಗೌರವವಲ್ಲ ಎಂದು ಅವರು ನಿಧಾನವಾದ ಪುಸ್ತಕದ ಕನ್ನಡದಲ್ಲಿ ಹೇಳಿದರು. "ಹಿಂದಿ ಪ್ರಚಾರ ಆಗಬೇಕೆಂದು ಸರಕಾರವೇ ಹೇಳುತ್ತದೆ ಸರ್. ನಾನು ಭಾನುವಾರವೂ ಮಾಡುತ್ತಿದ್ದೇನೆ" ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕ್ಲಾಸಿಗೆ ಹೋಗಿ ಎಂದರು.

ಭಾನುವಾರ ಮೊದಲ ಬಸ್ಸಿಗೆ ಹೊರಟೆವು. ಬಾವನ ಮನೆ ಮಡಂತ್ಯಾರಿನ ಪೇಟೆಯಿಂದ ಸ್ವಲ್ಪ ಒಳಗೆ. ಅಕ್ಕನ ಅತ್ತೆ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ನಮ್ಮನ್ನು ಕಂಡದ್ದೇ ಎದ್ದು ಬಾಗಿಲಿಗೆ ಅಡ್ಡ ನಿಂತರು. ಬನ್ನಿ ಎನ್ನಲಿಲ್ಲ.

"ಯಾಕೆ ಬಂದದ್ದು?"

"ಮಗುವನ್ನು ನೋಡ್ಲಿಕ್ಕೆ" ಎಂದೆ ನಾನು.

"ಮಗು ಹೆದರ್ತದೆ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನು."

"ನೀನು ಯಾರು? ಟಾಕೀಸಿನಲ್ಲಿ ಭಾಷಣ ಮಾಡುವವಳು. ನಮಗೂ ಗೊತ್ತಾಗಿದೆ."

ಮೂರು ದಿನದಲ್ಲಿ ಸುದ್ದಿ ಬಸ್ಸು ಹತ್ತಿ ಇಲ್ಲಿಗೂ ಬಂದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನನ್ನು ದಾಟಿ ಮುಂದೆ ಹೋದಳು. "ಅತ್ತೆ, ನಾನು ಒಳಗೆ ಬರುವುದಿಲ್ಲ. ಇಲ್ಲಿ ಕೂತಿರ್ತೇನೆ" ಎಂದು ಜಗಲಿಯ ಅಂಚಿನಲ್ಲಿ ಕೂತಳು. ಕೂತು, ಗೆರಸೆಯನ್ನು ಹತ್ತಿರ ಎಳೆದುಕೊಂಡು ಹುರುಳಿ ಆರಿಸತೊಡಗಿದಳು. ಅತ್ತೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬೈಯುವುದಕ್ಕೆ ಅಕ್ಕ ಏನೂ ಮಾಡುತ್ತಿರಲಿಲ್ಲ, ಅವರದೇ ಕೆಲಸ ಮಾಡುತ್ತಿದ್ದಳು.

ಸ್ವಲ್ಪ ಹೊತ್ತಿನಲ್ಲಿ ಮಗು ಹೊರಗೆ ಬಂತು. ನಾಲ್ಕು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಅಕ್ಕನದೇ ಹಣೆ. ಅಜ್ಜಿಯ ಸೀರೆ ಹಿಡಿದುಕೊಂಡು "ಇದು ಯಾರು?" ಎಂದು ಕೇಳಿತು.

"ನಾನು ನಿನ್ನ ಅಮ್ಮ" ಎಂದಳು ಅಕ್ಕ, ಹುರುಳಿಯಿಂದ ಕೈ ತೆಗೆಯದೆ. "ನನಗೆ ಹುಷಾರಿರಲಿಲ್ಲ. ಅದಕ್ಕೆ ಇಷ್ಟು ದಿನ ಬರಲಿಲ್ಲ."

"ಜ್ವರವಾ?"

"ಜ್ವರಕ್ಕಿಂತ ಜೋರು."

"ಕಹಿ ಮದ್ದು ಕುಡಿದ್ರಾ?"

"ಹೂಂ. ತುಂಬ."

ಮಗು ಯೋಚಿಸಿತು. ಆಮೇಲೆ ಬಂದು ಗೆರಸೆಯ ಆಚೆ ಬದಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕಾಳನ್ನು ಎತ್ತಿ "ಇದು ಕಲ್ಲಾ?" ಎಂದು ಕೇಳಿತು. "ಅಲ್ಲ, ಅದು ಹುರುಳಿ." ಇನ್ನೊಂದು ಎತ್ತಿತು. "ಇದು?" "ಅದು ಕಲ್ಲು, ಬಿಸಾಡು." ಸೇರಿನಷ್ಟು ಹುರುಳಿಯನ್ನು ಅವರಿಬ್ಬರೂ ಮಧ್ಯಾಹ್ನದವರೆಗೆ ಆರಿಸಿದರು. ಅಕ್ಕ ಮಗುವನ್ನು ಮುಟ್ಟಲಿಲ್ಲ, ಅಳಲಿಲ್ಲ. ಬಾವ ಒಳಗಿನಿಂದ ಹೊರಗೆ ಬರಲೇ ಇಲ್ಲ. ನಾನು ಅಂಗಳದ ತೆಂಗಿನ ಬುಡದಲ್ಲಿ ನಿಂತು ಅತ್ತೆಯನ್ನೇ ದಿಟ್ಟಿಸುತ್ತಿದ್ದೆ. ಒಂದು ಮಾತು ಬಂದರೆ ಹತ್ತು ಕೊಡಲು ತಯಾರಿದ್ದೆ. ಅವರು ಕೊನೆಗೆ ಹೇಳಿದ್ದು ಇಷ್ಟೇ: "ಬಸ್ಸು ಎರಡು ಗಂಟೆಗೆ. ಊಟ ಮಾಡಿ ಹೋಗಿ."

ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋದೆವು. ಕೆಲವು ಸಲ ಮಗುವನ್ನು ಬೇರೆಲ್ಲಿಗೋ ಕಳಿಸಿರುತ್ತಿದ್ದರು. ಅವತ್ತು ಸುಮ್ಮನೆ ಜಗಲಿಯಲ್ಲಿ ಕೂತು ಎರಡು ಗಂಟೆಯ ಬಸ್ಸಿಗೆ ವಾಪಸು ಬರುತ್ತಿದ್ದೆವು. ಕೂರುವುದನ್ನು ಮಾತ್ರ ಬಿಡಲಿಲ್ಲ.

ಉಳಿದ ಭಾನುವಾರಗಳಲ್ಲಿ ಟಾಕೀಸು ಇದ್ದೇ ಇತ್ತು. ಆ ಗಲಾಟೆಯ ನಂತರ ಮೊದಲ ಸಲ ಹೋದಾಗ ನನ್ನ ಬಾಯಿ ಏಳಲಿಲ್ಲ. ಇವರು ಇನ್ನು ನನ್ನನ್ನು ನಂಬುತ್ತಾರೋ ಎಂದು ಅನುಮಾನವಾಗಿತ್ತು. ಬೀಡಿಯಕ್ಕ ಪಕ್ಕೆಗೆ ತಿವಿದಳು.

"ಯಾಕೆ ಸುಮ್ಮನೆ ಕೂತದ್ದು? ಹೇಳಿ ಟೀಚರ್. ಆದ್ರೆ ಒಂದು ಮಾತು. ಇನ್ನು ಮೇಲೆ ಎರಡೂ ಹೇಳಿ. ಅವ ಹೇಳಿದ್ದೂ ಹೇಳಿ, ನಿಮಗೆ ಅನಿಸಿದ್ದೂ ಹೇಳಿ. ಯಾವುದು ಸರಿ ಅಂತ ನಾವು ನೋಡಿಕೊಳ್ತೇವೆ."

ಆ ಇಡೀ ಪ್ರಕರಣದಲ್ಲಿ ನಾನು ತಲೆಬಾಗಿಸಿ ಒಪ್ಪಿದ ಮಾತು ಅದೊಂದೇ. ಅವಳಿಗೆ ತಿಳಿಯುವುದಿಲ್ಲ ಎಂದು ನಾನೂ ಅಂದುಕೊಂಡಿದ್ದೆನಲ್ಲ. ಅಂದಿನಿಂದ ಎರಡನ್ನೂ ಹೇಳಿದೆ. ನಾಯಕ ತಂಗಿಯ ಕೆನ್ನೆಗೆ ಹೊಡೆದು ನೀತಿ ಹೇಳಿದರೆ, ಆ ನೀತಿಯನ್ನೂ ಹೇಳಿ, "ಇವನ ಕೈ ಮುರಿಯಬೇಕು" ಎಂಬ ನನ್ನದನ್ನೂ ಸೇರಿಸುತ್ತಿದ್ದೆ. ಬೆಂಚುಗಳಲ್ಲಿ ಅಲ್ಲೇ ಜಗಳ ಹತ್ತಿಕೊಳ್ಳುತ್ತಿತ್ತು. ಕೆಲವರು ನಾಯಕನ ಕಡೆ, ಕೆಲವರು ನನ್ನ ಕಡೆ. ಬೀಡಿಯಕ್ಕ ಯಾರ ಕಡೆಯೂ ಅಲ್ಲ.

ಮಗು ಕೊನೆಗೆ ನಮ್ಮ ಮನೆಗೆ ಬಂದದ್ದು ನ್ಯಾಯ ಗೆದ್ದು ಅಲ್ಲ. ಬಾವನಿಗೆ ನಾರಾವಿಯ ಕಡೆಯ ಒಂದು ಸಂಬಂಧ ಮಾತಾಡುತ್ತಿದ್ದರು. ಮನೆಯಲ್ಲಿ ಮೊದಲಿನ ಮಗು ಇರಬಾರದೆಂದು ಹೆಣ್ಣಿನ ಕಡೆಯವರು ಹೇಳಿದರಂತೆ. ಒಂದು ದಿನ ಅತ್ತೆಯೇ ಸಣ್ಣ ಟ್ರಂಕಿನೊಂದಿಗೆ ಮಗುವನ್ನು ತಂದು ನಮ್ಮ ಜಗಲಿಯಲ್ಲಿ ಬಿಟ್ಟರು. ಯಾವ ಕಾರಣಕ್ಕೆ ಬಂದರೇನು, ಬಂದಳಲ್ಲ ಎಂದು ನಾನು ಟ್ರಂಕು ಒಳಗೆ ತಂದೆ. ಅಕ್ಕ ಅತ್ತೆಗೆ ಚಾಪೆ ಹಾಸಿ ಕೂರಿಸಿ, ಊಟ ಬಡಿಸಿ ಕಳಿಸಿದಳು. ಮುಂದಿನ ಜೂನಿನಲ್ಲಿ ಮಗುವನ್ನು ನಮ್ಮ ಶಾಲೆಗೇ ಸೇರಿಸಿದೆವು.

ನಾರಾವಿಯ ಸಂಬಂಧ ಯಾಕೋ ಮುರಿಯಿತು. ಎರಡು ವರ್ಷ ಕಳೆದ ಮೇಲೆ ಬಾವ ಬಂದರು. ಜಗಲಿಯ ಬೆಂಚಿನಲ್ಲಿ ಕೂತು, ನೆಲ ನೋಡುತ್ತ, "ಆದದ್ದು ಆಯಿತು. ಇಬ್ಬರೂ ಮನೆಗೆ ಬನ್ನಿ" ಎಂದರು. ಅಮ್ಮನ ಕಣ್ಣು ತುಂಬಿತು. ಹೋಗು ಎಂದು ಅಕ್ಕನಿಗೆ ಸನ್ನೆ ಮಾಡಿದಳು. ಅಕ್ಕ ಒಳಗೆ ಹೋಗಿ ಕಾಫಿ ತಂದು ಬಾವನ ಕೈಗೆ ಕೊಟ್ಟಳು. ಅವರು ಕುಡಿದು ಮುಗಿಸುವವರೆಗೆ ಕಂಬಕ್ಕೆ ಒರಗಿ ನಿಂತಳು. ಆಮೇಲೆ ಹೇಳಿದಳು:

"ನಾವು ಇಲ್ಲಿ ಚೆನ್ನಾಗಿದ್ದೇವೆ. ಮಗಳಿಗೆ ಶಾಲೆ ಉಂಟು, ನನಗೆ ಹೊಲಿಗೆ ಉಂಟು. ನಿಮಗೆ ಅವಳನ್ನು ನೋಡ್ಬೇಕು ಅನಿಸಿದ್ರೆ ಬನ್ನಿ, ಯಾವಾಗ ಬೇಕಾದ್ರೂ ಬನ್ನಿ. ನಾವು ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ."

ಬಾವ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹಿಡಿಯಲು ಬಿ.ಸಿ.ರೋಡಿನ ಕಡೆ ನಡೆದರು. ಅಕ್ಕ ಲೋಟ ತೊಳೆದಿಟ್ಟು, ಅರ್ಧಕ್ಕೆ ನಿಂತಿದ್ದ ರವಕೆಯ ತೋಳಿಗೆ ಹೊಲಿಗೆ ಹಾಕತೊಡಗಿದಳು.